ಗಲ್ಲಾದ ಪಕ್ಕ ಇನ್ನೊಂದು ಚೌಕ

ಮನೆಯಲ್ಲಿರುವ ಯಾವುದಾದರೂ ಪೊಟ್ಟಣವನ್ನು ತಿರುಗಿಸಿ ನೋಡಿ. ಬಿಸ್ಕತ್ತು, ಸಾಂಬಾರ್ ಪುಡಿ, ಸೋಪು, ಏನಾದರೂ ಸರಿ. ಬೆಲೆ, ತೂಕ, ತಯಾರಾದ ತಿಂಗಳು ಇವೆಲ್ಲದರ ಕೆಳಗೆ, ಅಂಚಿನ ಮಡಿಕೆಯ ಹತ್ತಿರ, ಕನ್ನಡಕವಿದ್ದರೂ ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ಇಮೇಲ್ ವಿಳಾಸ ಇರುತ್ತದೆ. ಕಂಪನಿಯವರು ಪ್ರೀತಿಯಿಂದ ಹಾಕಿದ್ದೇನಲ್ಲ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳ ಪ್ರಕಾರ, ದೂರಿದ್ದರೆ ಯಾರನ್ನು ಸಂಪರ್ಕಿಸಬೇಕೋ ಅವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಇಮೇಲ್ ಇವನ್ನೆಲ್ಲ ಪೊಟ್ಟಣದ ಮೇಲೆ ಮುದ್ರಿಸಬೇಕು.

ನಿಯಮವೇನೋ ಪಾಲನೆಯಾಗಿದೆ. ಆದರೆ ಆ ವಿಳಾಸಕ್ಕೆ ಮೇಲ್ ಬರೆದವರು ನಿಮ್ಮ ನೆಂಟರಿಷ್ಟರಲ್ಲಿ ಯಾರಾದರೂ ಇದ್ದಾರೆಯೇ? ಪುಡಿಯಲ್ಲಿ ಹುಳ ಕಂಡರೆ ನಾವು ಮಾಡುವುದು ಇಷ್ಟೇ: ಪೊಟ್ಟಣವನ್ನು ಕಸಕ್ಕೆ ಎಸೆಯುತ್ತೇವೆ, ಅಂಗಡಿಯವನಿಗೆ ಎರಡು ಮಾತು ಅನ್ನುತ್ತೇವೆ, ಮುಂದಿನ ತಿಂಗಳು ಬೇರೆ ಬ್ರಾಂಡ್ ತರುತ್ತೇವೆ. ಕಂಪನಿಗೆ ಒಬ್ಬ ಗಿರಾಕಿ ಹೋದದ್ದು ಗೊತ್ತಾಗುವುದಿಲ್ಲ, ಏಕೆ ಹೋದ ಎಂಬುದಂತೂ ಗೊತ್ತೇ ಆಗುವುದಿಲ್ಲ. ಬರೆಯೋಣ ಎಂದು ಫೋನು ತೆಗೆದವರಿಗೂ ಉದ್ದದ ಇಂಗ್ಲಿಷ್ ವಿಳಾಸವನ್ನು ಹೆಬ್ಬೆರಳಿನಲ್ಲಿ ಟೈಪ್ ಮಾಡುವ ಕಷ್ಟ. 'ಕಸ್ಟಮರ್ ಕೇರ್' ಒಂದೇ ಪದವೋ, ನಡುವೆ ಚುಕ್ಕಿಯೋ, ಅಡ್ಡಗೆರೆಯೋ? ಒಂದಕ್ಷರ ತಪ್ಪಿದರೂ ಮೇಲ್ ವಾಪಸು ಬರುತ್ತದೆ. ಇಲ್ಲವೇ ಇನ್ಯಾರದೋ ಪೆಟ್ಟಿಗೆಗೆ ಹೋಗಿ ಬೀಳುತ್ತದೆ.

ಈ ಕಷ್ಟಕ್ಕೆ ಬಹಳ ಹಿಂದಿನಿಂದ ಒಂದು ಪರಿಹಾರ ಇದೆ. ಖರ್ಚೂ ಇಲ್ಲ. ಆದರೂ ನಮ್ಮ ಅಂಗಡಿ, ಹೋಟೆಲು, ಲ್ಯಾಬು, ಹೋಂಸ್ಟೇಗಳಲ್ಲಿ ಅದು ಕಾಣುವುದು ಅಪರೂಪ. ವಿಳಾಸವನ್ನೂ ವಿಷಯವನ್ನೂ ಮೊದಲೇ ತುಂಬಿಟ್ಟ ಕ್ಯೂಆರ್ ಕೋಡ್ ಅದು. ಫೋನಿನ ಕ್ಯಾಮೆರಾ ಹಿಡಿದರೆ ಇಮೇಲ್ ಆ್ಯಪ್ ತೆರೆದುಕೊಳ್ಳುತ್ತದೆ, 'ಗೆ' ಎಂಬ ಕಡೆ ಕಂಪನಿಯ ವಿಳಾಸ ಕೂತಿರುತ್ತದೆ, ವಿಷಯದ ಸಾಲು ಭರ್ತಿಯಾಗಿರುತ್ತದೆ. ಗಿರಾಕಿ ತನಗೆ ಹೇಳಬೇಕಾದ್ದನ್ನು ಬರೆದು ಕಳಿಸು ಒತ್ತಿದರಾಯಿತು.

ಇದು ಹೇಗೆ ನಡೆಯುತ್ತದೆ ಎಂಬುದು ಸರಳ. ಕ್ಯೂಆರ್ ಕೋಡ್‌ಗೆ ಸ್ವಂತ ಬುದ್ಧಿ ಇಲ್ಲ. ಒಂದು ಸಾಲು ಅಕ್ಷರಗಳನ್ನು ಕಪ್ಪು ಬಿಳುಪು ಚೌಕಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ, ಅಷ್ಟೆ. ಆ ಸಾಲಿನ ಮೊದಲ ತುಂಡನ್ನು ಓದಿ ಮುಂದೇನು ಮಾಡಬೇಕೆಂದು ಫೋನು ತೀರ್ಮಾನಿಸುತ್ತದೆ. ಸಾಲು 'ಎಚ್‌ಟಿಟಿಪಿಎಸ್' ಎಂದು ಶುರುವಾದರೆ ಬ್ರೌಸರ್ ತೆರೆಯುತ್ತದೆ. 'ಯುಪಿಐ' ಎಂದು ಶುರುವಾದರೆ ಹಣ ಕಳಿಸುವ ಆ್ಯಪ್. 'ಟೆಲ್' ಎಂದಿದ್ದರೆ ಡಯಲ್ ಮಾಡುವ ಪರದೆ. 'ಮೇಲ್‌ಟು' ಎಂದಿದ್ದರೆ ಇಮೇಲ್. ಈ 'ಮೇಲ್‌ಟು' ಕ್ರಮ ಇಂಟರ್‌ನೆಟ್ಟಿನ ಮಟ್ಟಿಗೆ ಅಜ್ಜನ ಕಾಲದ್ದು. 1998ರಲ್ಲಿ ಅದಕ್ಕೊಂದು ಪ್ರತ್ಯೇಕ ನಿಯಮಾವಳಿ ಬಂತು, 2010ರಲ್ಲಿ ಪರಿಷ್ಕರಣೆಯಾಯಿತು. ವಿಳಾಸ ಬರೆದು, ಪ್ರಶ್ನಾರ್ಥಕ ಚಿಹ್ನೆ ಹಾಕಿ, ವಿಷಯ ಬರೆದು, ಇನ್ನೊಂದು ಚಿಹ್ನೆ ಹಾಕಿ ಒಕ್ಕಣೆ ಬರೆದರೆ ಮುಗಿಯಿತು. ಬೇಕಿದ್ದರೆ ಇನ್ನೊಬ್ಬರಿಗೆ ಪ್ರತಿ ಹೋಗುವಂತೆಯೂ ಮಾಡಬಹುದು. ಆಗದ ಕೆಲಸಗಳು ಎರಡು. ಫೋಟೊ ಲಗತ್ತಿಸಲು ಬರುವುದಿಲ್ಲ. ಅದನ್ನು ಗಿರಾಕಿಯೇ ಸೇರಿಸಬೇಕು. ಮೇಲ್ ತಾನಾಗಿ ಹೊರಡುವುದೂ ಇಲ್ಲ. ಕಳಿಸು ಎಂಬುದನ್ನು ಬೆರಳೇ ಒತ್ತಬೇಕು. ಈ ಎರಡನೆಯದು ಕೊರತೆಯಂತೆ ಕಂಡರೂ ಗಿರಾಕಿಯ ರಕ್ಷಣೆ ಇರುವುದು ಅದರಲ್ಲೇ.

ಟೈಪ್ ಮಾಡುವ ಶ್ರಮ ಉಳಿಯಿತು ಎಂಬುದು ಇಲ್ಲಿ ಸಣ್ಣ ಲಾಭ. ದೊಡ್ಡ ಲಾಭ ಬೇರೆ ಎರಡಿವೆ. ಗಿರಾಕಿಗೆ ಗೊತ್ತಿಲ್ಲದ ಸಂಗತಿಯನ್ನು ಕೋಡೇ ಹೇಳಿಕೊಡುತ್ತದೆ ಎಂಬುದು ಒಂದು. ಬರೆದದ್ದರ ಪ್ರತಿ ಗಿರಾಕಿಯ ಹತ್ತಿರವೇ ಉಳಿಯುತ್ತದೆ ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ತಾಲ್ಲೂಕು ಕಚೇರಿಯ ಎದುರು ಕೂತ ಟೈಪಿಂಗ್‌ನವರ ಬಳಿ ಅಚ್ಚು ಹಾಕಿಸಿದ ಅರ್ಜಿಗಳು ಸಿಗುತ್ತವಲ್ಲ, ಹಾಗೆ ಈ ಕೋಡ್. 'ಮಾನ್ಯರೇ'ಯಿಂದ ಹಿಡಿದು ಇಲಾಖೆಯ ಹೆಸರಿನವರೆಗೆ ಎಲ್ಲ ಮುದ್ರಿತ, ನಮ್ಮ ಹೆಸರು, ಸರ್ವೆ ನಂಬರು ಬರೆದರೆ ಸಾಕು. ನಾಲ್ಕು ಶಾಖೆಗಳಿರುವ ಒಂದು ದರ್ಶಿನಿ ಹೋಟೆಲನ್ನು ಊಹಿಸಿಕೊಳ್ಳಿ. 'ನಿಮ್ಮ ಹೋಟೆಲಿನಲ್ಲಿ ಇಂದು ಸಾಂಬಾರು ಹಳಸಿತ್ತು' ಎಂದು ಮೇಲ್ ಬಂದರೆ ಮಾಲೀಕ ಏನು ಮಾಡಬೇಕು? ಯಾವ ಶಾಖೆ, ಯಾವ ಹೊತ್ತು? ಕೇಳಿ ಮರುಮೇಲ್ ಹಾಕುವಷ್ಟರಲ್ಲಿ ಗಿರಾಕಿಯ ಸಿಟ್ಟು ಆರಿರುತ್ತದೆ, ಸಾಂಬಾರಿನ ಪಾತ್ರೆ ತೊಳೆದಾಗಿರುತ್ತದೆ. ಪ್ರತಿ ಶಾಖೆಗೆ ಬೇರೆ ಕೋಡ್ ಅಂಟಿಸಿದ್ದರೆ ವಿಷಯದ ಸಾಲಿನಲ್ಲೇ 'ಜಯನಗರ ಶಾಖೆ' ಎಂದು ಬಂದಿರುತ್ತಿತ್ತು. ಹೊತ್ತನ್ನು ಮೇಲ್ ತಾನೇ ಹೇಳುತ್ತದೆ. ಲಿಫ್ಟ್ ರಿಪೇರಿಯವರು ಪ್ರತಿ ಲಿಫ್ಟಿನ ಬಾಗಿಲ ಬಳಿ ಆ ಲಿಫ್ಟಿನ ಸಂಖ್ಯೆಯಿರುವ ಕೋಡ್ ಹಾಕಬಹುದು, ನೀರು ಶುದ್ಧೀಕರಣ ಯಂತ್ರದವರು ಯಂತ್ರದ ಬೆನ್ನಿಗೆ ಸೀರಿಯಲ್ ನಂಬರ್ ಇರುವ ಕೋಡ್ ಹಚ್ಚಬಹುದು. ಗೋಡೆಗೆ ಒರಗಿಸಿದ ಯಂತ್ರವನ್ನು ಎಳೆದು, ಟಾರ್ಚ್ ಹಿಡಿದು, ಹದಿನಾರು ಅಂಕಿ ಬರೆದುಕೊಳ್ಳುವ ಯಾತನೆ ಅನುಭವಿಸಿದವರಿಗೆ ಇದರ ಬೆಲೆ ಗೊತ್ತು.

ಔಷಧಗಳಲ್ಲಿ ಇದರ ಇನ್ನೊಂದು ಬಗೆ ಈಗಾಗಲೇ ಜಾರಿಯಲ್ಲಿದೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಔಷಧ ಬ್ರಾಂಡುಗಳ ಮೇಲೆ ಕೋಡ್ ಕಡ್ಡಾಯ. ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನ, ಪರವಾನಗಿ ಸಂಖ್ಯೆ ಅದರಲ್ಲಿರಬೇಕು. ಅದು ಮಾಹಿತಿಗಾಗಿ ಇರುವ ಕೋಡ್, ಪತ್ರ ಬರೆಸುವುದಲ್ಲ. ಆದರೆ ಬ್ಯಾಚ್ ಸಂಖ್ಯೆಯನ್ನು ಕೋಡಿನೊಳಗೆ ತರಲು ಸಾಧ್ಯ ಎಂಬುದಂತೂ ಖಚಿತವಾಯಿತಲ್ಲ. ಬ್ಯಾಚಿಗೊಂದು ಕೋಡ್ ಎಂದರೆ ಪ್ಯಾಕಿಂಗ್ ಸಾಲಿನಲ್ಲೇ ಮುದ್ರಿಸುವ ಯಂತ್ರ ಬೇಕು. ಬ್ಯಾಡಗಿಯಲ್ಲಿ ಖಾರದ ಪುಡಿ ತುಂಬುವ ಸಣ್ಣ ಉದ್ದಿಮೆಗೆ ಅದು ದುಬಾರಿ. ಅಂಥವರು ಎಲ್ಲ ಪೊಟ್ಟಣಕ್ಕೂ ಒಂದೇ ಕೋಡ್ ಹಾಕಿ, ಒಕ್ಕಣೆಯಲ್ಲಿ 'ಬ್ಯಾಚ್ ಸಂಖ್ಯೆಯ ಫೋಟೊ ಸೇರಿಸಿ' ಎಂಬ ಒಂದು ಸಾಲು ಇಟ್ಟರೂ ಕೆಲಸ ಆಗುತ್ತದೆ.

ಇನ್ನು ಪ್ರತಿಯ ವಿಚಾರ. ಕಂಪನಿಗಳು ಈಚೆಗೆ ಇಮೇಲ್ ಬದಲು ಜಾಲತಾಣದ ಫಾರಂ ಇಡಲು ಇಷ್ಟಪಡುತ್ತವೆ. ಅವರಿಗದು ಅನುಕೂಲ, ಎಲ್ಲವೂ ಕೋಷ್ಟಕದಲ್ಲಿ ಬಂದು ಕೂರುತ್ತದೆ. ಆದರೆ ಗಿರಾಕಿ ಅದರಲ್ಲಿ ಬರೆದು 'ಸಲ್ಲಿಸು' ಒತ್ತಿದ ಕ್ಷಣ ಅವನು ಬರೆದದ್ದು ಅವನ ಕೈ ಬಿಟ್ಟು ಹೋಗುತ್ತದೆ. 'ನಿಮ್ಮ ದೂರು ದಾಖಲಾಗಿದೆ' ಎಂಬ ಹಸಿರು ಗುರುತೊಂದು ಮಿನುಗಿ ಮಾಯವಾಗುತ್ತದೆ. ಇಮೇಲ್ ಹಾಗಲ್ಲ. ಕಳಿಸಿದ ಮೇಲ್‌ಗಳ ಪೆಟ್ಟಿಗೆಯಲ್ಲಿ, ದಿನಾಂಕ ಸಮಯದ ಸಮೇತ, ಕಳಿಸಿದವನ ಸ್ವತ್ತಾಗಿ ಉಳಿಯುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತೊಂದರೆಯಾದ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹೋದಾಗ 'ಮೊದಲು ಕಂಪನಿಗೆ ತಿಳಿಸಿದಿರಾ, ಯಾವಾಗ, ಏನಂದರು' ಎಂಬ ಪ್ರಶ್ನೆ ಬಂದೇ ಬರುತ್ತದೆ. ತೋರಿಸಲು ಒಂದು ಮೇಲ್ ಇದ್ದವನ ಮಾತಿಗೂ 'ಫೋನಿನಲ್ಲಿ ಹೇಳಿದ್ದೆ ಸಾರ್' ಎನ್ನುವವನ ಮಾತಿಗೂ ಇರುವ ತೂಕ ಬೇರೆ. ಕೆಲವು ಕಂಪನಿಗಳು ಇಮೇಲ್ ವಿಳಾಸವನ್ನು ಹುಡುಕಿದರೂ ಸಿಗದ ಜಾಗದಲ್ಲಿ ಇಡುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಗುಮಾನಿ.

ವಾಟ್ಸ್‌ಆ್ಯಪ್ ಇರುವಾಗ ಇಮೇಲ್ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೀದಿ ಬದಿಯ ಬೇಕರಿಗೆ, ಟೈಲರ್ ಅಂಗಡಿಗೆ ವಾಟ್ಸ್‌ಆ್ಯಪ್ಪೇ ಸಾಕು. ಅಲ್ಲಿ ಇಮೇಲ್ ಕೋಡ್ ಅಂಟಿಸುವುದು ಬರೀ ಶೋಕಿ. ಆದರೆ ದಾಖಲೆ ಮುಖ್ಯವಾದ ಕಡೆ, ಅಂದರೆ ವಾರಂಟಿ ಇರುವ ಸಾಮಾನು, ರಕ್ತಪರೀಕ್ಷೆಯ ಲ್ಯಾಬು, ಮದುವೆ ಮಂಟಪದ ಮುಂಗಡ, ಪ್ರವಾಸದ ಬುಕಿಂಗ್, ಇಂಥಲ್ಲಿ ಇಮೇಲೇ ಸರಿ. ಇನ್ನೊಂದು ವರ್ಗವೂ ಇದೆ. ನಮ್ಮ ಚಟ್ನಿಪುಡಿ, ಉಪ್ಪಿನಕಾಯಿ, ಮಿಡಿಮಾವು ಈಗ ನ್ಯೂಜೆರ್ಸಿಯ, ದುಬೈಯ ಕನ್ನಡಿಗರ ಮನೆಗೂ ಹೋಗುತ್ತವೆ. ಪೊಟ್ಟಣದ ಮೇಲಿನ 1800ರ ಉಚಿತ ಸಂಖ್ಯೆ ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ನ್ಯೂಜೆರ್ಸಿಯಲ್ಲಿ ಹಗಲಾದಾಗ ಇಲ್ಲಿ ಕಚೇರಿ ಮುಚ್ಚಿರುತ್ತದೆ. ಅವರಿಗೆ ಇಮೇಲ್ ಬಿಟ್ಟರೆ ಸುಲಭದ ದಾರಿ ಬೇರೆ ಇಲ್ಲ.

'ನನಗೆ ಇಮೇಲೇ ಇಲ್ಲ' ಎನ್ನುವವರ ಫೋನಿನಲ್ಲೂ ಅದು ಇರುತ್ತದೆ ಎಂಬುದು ತಮಾಷೆಯ ಸತ್ಯ. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರಿನಿಂದ ಆ್ಯಪ್ ಇಳಿಸಿಕೊಳ್ಳಬೇಕಾದರೆ ಗೂಗಲ್ ಖಾತೆ ಬೇಕೇ ಬೇಕು. ಹೆಚ್ಚಿನವರ ಪಾಲಿಗೆ ಅದು ಜಿಮೇಲ್ ಖಾತೆಯೇ. ಮೊಬೈಲ್ ಅಂಗಡಿಯ ಹುಡುಗ ಹೊಸ ಫೋನು ಚಾಲೂ ಮಾಡಿಕೊಡುವಾಗ ಹೆಸರಿನ ಜೊತೆ ನಾಲ್ಕು ಅಂಕಿ ಸೇರಿಸಿ ತೆರೆದ ಆ ಖಾತೆ ಅಲ್ಲೇ ಇದೆ. ಒಡೆಯನಿಗೆ ಮರೆತಿದೆ, ಅಷ್ಟೆ. ಕೋಡ್ ಹಿಡಿದರೆ ಜಿಮೇಲ್ ತೆರೆದುಕೊಳ್ಳುತ್ತದೆ. ಐಫೋನಿನಲ್ಲಿ ತುಸು ಎಡವಟ್ಟು: ಆ್ಯಪಲ್‌ನ ಮೇಲ್ ಆ್ಯಪಿನಲ್ಲಿ ಖಾತೆ ಹಾಕಿಕೊಂಡಿರದಿದ್ದರೆ ಮೊದಲು ಖಾತೆ ಹಾಕಿ ಎಂದು ಕೇಳುತ್ತದೆ. 2020ರಲ್ಲಿ ಬಂದ ಐಒಎಸ್ 14ರಿಂದ ಜಿಮೇಲನ್ನೇ ಮುಖ್ಯ ಆ್ಯಪ್ ಎಂದು ಆರಿಸಿಕೊಳ್ಳುವ ಅವಕಾಶ ಇದೆಯಾದರೂ, ಆರಿಸಿಕೊಳ್ಳದವರು ಬಹಳ. ಅದಕ್ಕೇ ಕೋಡಿನ ಕೆಳಗೆ ವಿಳಾಸವನ್ನು ಅಕ್ಷರದಲ್ಲೂ ಬರೆಯಬೇಕು, ಓದುವಷ್ಟು ದೊಡ್ಡದಾಗಿ.

ಕಾನೂನೂ ಅದನ್ನೇ ಹೇಳುತ್ತದೆ. 2022ರ ಜುಲೈನಲ್ಲಿ ಪೊಟ್ಟಣ ನಿಯಮಗಳಿಗೆ ತಿದ್ದುಪಡಿ ತಂದು, ಎಲೆಕ್ಟ್ರಾನಿಕ್ ಸಾಮಾನುಗಳ ಕೆಲವು ವಿವರಗಳನ್ನು ಒಂದು ವರ್ಷದ ಮಟ್ಟಿಗೆ ಕ್ಯೂಆರ್ ಕೋಡಿನಲ್ಲೇ ಕೊಡಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ತಯಾರಕರ ವಿಳಾಸ, ಸಾಮಾನಿನ ಅಳತೆ ಇತ್ಯಾದಿ ಕೋಡಿನೊಳಗೆ ಹೋಗಬಹುದು. ಆದರೆ ಗ್ರಾಹಕರ ದೂರಿಗಾಗಿ ಇರುವ ಫೋನ್ ನಂಬರು ಮತ್ತು ಇಮೇಲ್ ಮಾತ್ರ ಪೊಟ್ಟಣದ ಮೇಲೇ ಇರಬೇಕು ಎಂದಿತು. ಒಳ್ಳೆಯ ಬುದ್ಧಿ. ಫೋನು ಇಲ್ಲದವರೂ, ಚಾರ್ಜ್ ಮುಗಿದವರೂ ಗ್ರಾಹಕರೇ.

ಇಮೇಲ್ ಕೋಡ್ ನಮ್ಮಲ್ಲಿ ಬೇರೂರದಿರುವುದಕ್ಕೆ ತಂತ್ರಜ್ಞಾನ ಕಾರಣವಲ್ಲ. ಕ್ಯೂಆರ್ ಎಂದರೆ ದುಡ್ಡು ಎಂದು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದೆ. 2016ರಲ್ಲಿ ಯುಪಿಐ ಬಂತು. ಕೆಲವೇ ವರ್ಷಗಳಲ್ಲಿ ಎಳನೀರಿನ ಗಾಡಿಯಿಂದ ದೇವಸ್ಥಾನದ ಹುಂಡಿಯವರೆಗೆ ಎಲ್ಲ ಕಡೆ ಆ ಚೌಕ ಬಂದು ಕೂತಿತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬಂದ ಜಿಎಸ್‌ಟಿ ನೋಟಿಸುಗಳ ಗದ್ದಲ ಎದ್ದಾಗ ಬೆಂಗಳೂರಿನ ಎಷ್ಟೋ ಸಣ್ಣ ವ್ಯಾಪಾರಿಗಳು ಕೋಡ್ ಕಿತ್ತುಹಾಕಿ 'ಕ್ಯಾಶ್ ಮಾತ್ರ' ಎಂಬ ಚೀಟಿ ಅಂಟಿಸಿದ್ದು ನೆನಪಿರಬಹುದು. ಅಷ್ಟರಮಟ್ಟಿಗೆ ಚೌಕಕ್ಕೂ ಹಣಕ್ಕೂ ನಂಟು. ಹೀಗಿರುವಾಗ ಗಲ್ಲಾದ ಪಕ್ಕ ಇನ್ನೊಂದು ಚೌಕ ಇಟ್ಟರೆ ಏನಾಗುತ್ತದೆ? ಗಿರಾಕಿ ಹಣ ಕಳಿಸುವ ಆ್ಯಪ್ ತೆರೆದು ಅದಕ್ಕೆ ಹಿಡಿಯುತ್ತಾನೆ. ಅದು ತನ್ನ ಕೋಡ್ ಅಲ್ಲವೆಂದು ಆ್ಯಪ್ ತಿರಸ್ಕರಿಸುತ್ತದೆ. 'ನಿಮ್ಮ ಕೋಡ್ ವರ್ಕ್ ಆಗ್ತಿಲ್ಲ' ಎಂದು ಗಿರಾಕಿ, 'ಅದಲ್ಲ ಸಾರ್, ಈ ಕಡೆದು' ಎಂದು ಗಲ್ಲಾದವರು. ಹಿಂದೆ ಸಾಲು ಬೆಳೆಯುತ್ತದೆ.

ಆದ್ದರಿಂದ ಇಮೇಲ್ ಕೋಡನ್ನು ಗಲ್ಲಾದಿಂದ ದೂರ ಇಡಬೇಕು. ಕೈ ತೊಳೆಯುವ ಜಾಗ, ಹೊರಬಾಗಿಲು, ಬಿಲ್ಲಿನ ಹಿಂಬದಿ, ಹೋಂಸ್ಟೇ ಕೋಣೆಯ ಮೇಜು ಇವು ಒಳ್ಳೆಯ ಜಾಗಗಳು. ಮೇಲೆ ದೊಡ್ಡದಾಗಿ 'ದೂರು, ಸಲಹೆ ಬರೆಯಲು' ಎಂದಿರಬೇಕು. ಕೆಳಗೆ 'ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ, ಇದು ಹಣ ಪಾವತಿಗಲ್ಲ' ಎಂದಿರಬೇಕು. ಬರೀ 'ಸ್ಕ್ಯಾನ್ ಮಿ' ಎಂದು ಇಂಗ್ಲಿಷಿನಲ್ಲಿ ಬರೆದಿರುವ ಸ್ಟಿಕ್ಕರ್‌ಗಳನ್ನು ಕಂಡಾಗ ನನಗೆ ಏಕೆ ಮಾಡಬೇಕು ಎಂದು ಕೇಳಬೇಕೆನಿಸುತ್ತದೆ.

ಕನ್ನಡದಲ್ಲಿ ವಿಷಯ, ಒಕ್ಕಣೆ ತುಂಬಲು ಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಕೋಡ್ ಮಾಡಿಕೊಡುವ ತಾಣಗಳು ಈ ವಿಚಾರ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳಬೇಕು. ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಕೊಂಬು, ಗುಡಿಸು, ಅರ್ಧಾಕ್ಷರದ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. 'ಮೇಲ್‌ಟು' ನಿಯಮದಂತೆ ಆ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬಿಡಿಸಿ ಬರೆಯಬೇಕು. ಹೀಗೆ ಒಂದು ಕನ್ನಡ ಚಿಹ್ನೆ ಒಂಬತ್ತು ಸ್ಥಾನ ನುಂಗುತ್ತದೆ. 'ದೂರು' ಎಂಬ ಪುಟ್ಟ ಪದಕ್ಕೆ 36 ಸ್ಥಾನ. 'ಬಿಲ್ ಸಂಖ್ಯೆ' ಎಂದರೆ 93. ಅದನ್ನೇ ಇಂಗ್ಲಿಷಿನಲ್ಲಿ ಚುಟುಕಾಗಿ ಬರೆದರೆ 9.

ಸ್ಥಾನ ಹೆಚ್ಚಿದಂತೆ ಚೌಕಗಳು ಹೆಚ್ಚುತ್ತವೆ. ಕ್ಯೂಆರ್ ಕೋಡಿನಲ್ಲಿ 40 ಗಾತ್ರಗಳಿವೆ. ಅತಿ ಚಿಕ್ಕದು ಸಾಲಿಗೆ 21 ಚೌಕದ್ದು, ಅತಿ ದೊಡ್ಡದು 177ರದ್ದು. ಇಪ್ಪತ್ತೈದು ಅಕ್ಷರದ ಬರೀ ವಿಳಾಸವಾದರೆ ಹಾನಿ ತಡೆಯುವ ಮಧ್ಯಮ ಹಂತದಲ್ಲಿ (ಈ ಹಂತಗಳ ವಿಚಾರ ಮುಂದಿದೆ) ಸಾಲಿಗೆ 29 ಚೌಕ ಸಾಕು. ಅದಕ್ಕೆ 'ದೂರು' ಎಂಬ ವಿಷಯ, 'ಬಿಲ್ ಸಂಖ್ಯೆ' ಎಂಬ ಒಂದು ಸಾಲು ಒಕ್ಕಣೆ ಸೇರಿಸಿದರೆ 53 ಆಗುತ್ತದೆ. ಮೂರು ಸೆಂಟಿಮೀಟರಿನ ಸ್ಟಿಕ್ಕರಿನಲ್ಲಿ ಮೊದಲನೆಯದರ ಒಂದೊಂದು ಚೌಕ ಸುಮಾರು ಒಂದು ಮಿಲಿಮೀಟರ್. ಎರಡನೆಯದರದ್ದು ಅರ್ಧಕ್ಕಿಂತ ತುಸು ಹೆಚ್ಚು. ಮಂದ ಬೆಳಕಿನಲ್ಲಿ, ಹಳೆಯ ಫೋನಿನ ಕ್ಯಾಮೆರಾಕ್ಕೆ ಇದು ಕಷ್ಟದ ಪಾಠ. ಹಾಗೆಂದು ಕನ್ನಡ ಬಿಡಬೇಕಾಗಿಲ್ಲ. ಬರೆಯುವುದನ್ನು ಕಡಿಮೆ ಮಾಡಿ, ಮುದ್ರಿಸುವುದನ್ನು ದೊಡ್ಡದು ಮಾಡಿ. ವಿಷಯದ ಸಾಲು ಮಾತ್ರ ಕನ್ನಡದಲ್ಲಿ, ಶಾಖೆಯ ಗುರುತು ಎರಡು ಅಂಕಿಯಲ್ಲಿ ಇದ್ದರೆ ಸಾಕು. ಕೋಡಿನ ಅಗಲ ಓದುವ ದೂರದ ಹತ್ತನೇ ಒಂದರಷ್ಟಿರಲಿ ಎಂಬುದು ಮುದ್ರಣದವರ ಅಂದಾಜು. ಕನ್ನಡ ತುಂಬಿದ್ದರೆ ಅದಕ್ಕಿಂತ ದೊಡ್ಡದಿರಲಿ.

ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತವರ ಜೊತೆಗಾರರು 1994ರಲ್ಲಿ ಕ್ಯೂಆರ್ ಕೋಡನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆಯ ಎಣ್ಣೆ ಮಸಿಯಲ್ಲೂ ಓದಬೇಕಿತ್ತಾದ್ದರಿಂದ ಕೋಡಿನ ಒಂದು ಭಾಗ ಅಳಿಸಿಹೋದರೂ ಉಳಿದದ್ದರಿಂದ ಪೂರ್ತಿ ಕಟ್ಟಿಕೊಳ್ಳುವ ಗಣಿತವನ್ನು ಒಳಗೆ ಇಟ್ಟರು. ನಾಲ್ಕು ಹಂತಗಳಿವೆ: ಶೇ 7, 15, 25 ಮತ್ತು 30ರಷ್ಟು ಹಾನಿ ತಡೆಯುವಂಥವು. ಎಣ್ಣೆ ಕೈ ತಾಗುವ ಹೋಟೆಲ್ ಮೇಜಿಗೆ ಮೇಲಿನ ಹಂತ ಲೇಸು, ಆದರೆ ಹಂತ ಏರಿದಂತೆ ಚೌಕಗಳೂ ಹೆಚ್ಚುತ್ತವೆ ಎಂಬುದು ನೆನಪಿರಲಿ. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳ ಕಪ್ಪು ಬಿಳುಪಿನ ಅನುಪಾತ 1:1:3:1:1. ಅಚ್ಚಾದ ಕಾಗದಗಳಲ್ಲಿ ಅತಿ ವಿರಳವಾಗಿ ಕಾಣುವ ಅನುಪಾತ ಯಾವುದೆಂದು ಹುಡುಕಿ ಆರಿಸಿದ್ದು ಅದು. ಅದನ್ನು ಹಿಡಿದೇ ಕ್ಯಾಮೆರಾ ಕೋಡನ್ನು ಗುರುತಿಸುತ್ತದೆ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡಬೇಕೆಂದು ನಿಯಮ. ನಮ್ಮ ಫ್ಲೆಕ್ಸ್ ಡಿಸೈನರ್‌ಗಳು ಮೊದಲು ಕತ್ತರಿ ಹಾಕುವುದು ಅದಕ್ಕೇ. ಖಾಲಿ ಜಾಗ ಕಂಡರೆ ಬಳ್ಳಿ, ಹೂವು, ಗ್ರೇಡಿಯೆಂಟ್ ತುಂಬದಿದ್ದರೆ ಅವರಿಗೆ ಸಮಾಧಾನವಿಲ್ಲ. ಹೊಳಪಿನ ಲ್ಯಾಮಿನೇಷನ್ ಕೂಡ ಟ್ಯೂಬ್‌ಲೈಟಿನ ಕೆಳಗೆ ಶತ್ರು.

ಕೋಡ್ ಮಾಡಿಸುವಾಗ ಇನ್ನೊಂದು ಬಲೆ ಇದೆ. 'ಉಚಿತ' ಎನ್ನುವ ಕೆಲವು ತಾಣಗಳು ನಿಮ್ಮ ವಿಳಾಸವನ್ನು ಕೋಡಿನೊಳಗೆ ನೇರವಾಗಿ ಬರೆಯದೆ, ತಮ್ಮ ತಾಣದ ಕೊಂಡಿಯನ್ನು ಬರೆದು ಅಲ್ಲಿಂದ ನಿಮ್ಮತ್ತ ತಿರುಗಿಸುತ್ತವೆ. ಇದಕ್ಕೆ ಡೈನಮಿಕ್ ಕೋಡ್ ಎನ್ನುತ್ತಾರೆ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಸಿಗುತ್ತದೆ, ಮುಂದೆ ಬದಲಾಯಿಸಲೂ ಬರುತ್ತದೆ, ನಿಜ. ಆದರೆ ಚಂದಾ ನಿಂತ ದಿನ ಕೋಡ್ ಸಾಯುತ್ತದೆ. ಅಷ್ಟರಲ್ಲಿ ನಿಮ್ಮ ಸಾವಿರಾರು ಪೊಟ್ಟಣ ಮಾರುಕಟ್ಟೆಯಲ್ಲಿರುತ್ತವೆ. ಇಮೇಲಿಗೆ ಇದು ಬೇಡವೇ ಬೇಡ. 'ಮೇಲ್‌ಟು' ಇರುವ ಸ್ಟ್ಯಾಟಿಕ್ ಕೋಡಿಗೆ ಅವಧಿ ಇಲ್ಲ, ನಡುವೆ ಯಾರೂ ಇಲ್ಲ. ಬದಲಾಯಿಸಲು ಬರುವುದಿಲ್ಲ ಎಂಬುದೊಂದೇ ಅದರ ಮಿತಿ. ಹಾಗಾಗಿ ಮ್ಯಾನೇಜರನ ಸ್ವಂತ ಜಿಮೇಲ್ ವಿಳಾಸವನ್ನು ಅದಕ್ಕೆ ಹಾಕಬಾರದು. ಅವನು ಕೆಲಸ ಬಿಟ್ಟರೆ ನಿಮ್ಮ ಗಿರಾಕಿಗಳ ಪತ್ರಗಳೂ ಅವನ ಹಿಂದೆಯೇ ಹೋಗುತ್ತವೆ. ದೂರಿಗೆಂದೇ ಸಂಸ್ಥೆಯ ಹೆಸರಿನ ಒಂದು ವಿಳಾಸ ತೆರೆಯಿರಿ.

ಗಿರಾಕಿಗೂ ಒಂದು ಎಚ್ಚರಿಕೆ. ಅಸಲಿ ಕೋಡಿನ ಮೇಲೆ ನಕಲಿ ಅಂಟಿಸುವ ಕಳ್ಳರಿದ್ದಾರೆ. ದೂರು ಬರೆಯಲು ಎಂದು ಹೇಳಿ ಪಿನ್ ಕೇಳಿದರೆ, ಆ್ಯಪ್ ಇಳಿಸಿಕೊಳ್ಳಿ ಎಂದರೆ, ಅಲ್ಲೇ ನಿಲ್ಲಿಸಿ. ಇಮೇಲ್ ಕೋಡ್ ಆದರೆ ತೆರೆದುಕೊಳ್ಳುವುದು ಒಂದು ಮೇಲ್ ಮಾತ್ರ, ಯಾರಿಗೆ ಹೋಗುತ್ತಿದೆ ಎಂಬುದು ಕಣ್ಣೆದುರೇ ಇರುತ್ತದೆ, ನೀವು ಒತ್ತುವವರೆಗೆ ಏನೂ ಹೋಗುವುದಿಲ್ಲ. ಆದರೆ ಒತ್ತಿದ ಮೇಲೆ ನಿಮ್ಮ ಇಮೇಲ್ ವಿಳಾಸ ಅವರಿಗೆ ಸಿಕ್ಕಿತು. ದೂರು ಕೊಟ್ಟವನಿಗೆ ಯುಗಾದಿ ಆಫರ್ ಕಳಿಸುವ ಅಂಗಡಿಯವರು ಒಬ್ಬ ಗಿರಾಕಿಯನ್ನು ಎರಡು ಸಲ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಸರಿಯಾದರೂ ಉತ್ತರ ಬರದಿದ್ದರೆ ಎಲ್ಲವೂ ದಂಡ. ಆನ್‌ಲೈನ್ ಮಾರಾಟಗಾರರಿಗೆ 2020ರ ಇ-ಕಾಮರ್ಸ್ ನಿಯಮಗಳು ಗಡುವು ಹಾಕಿವೆ: ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಬೀದಿಯ ಅಂಗಡಿಗೆ ಆ ನಿಯಮ ಅನ್ವಯಿಸದಿದ್ದರೂ ಅಳತೆ ಚೆನ್ನಾಗಿದೆ. ದಿನಕ್ಕೊಮ್ಮೆ ಆ ಪೆಟ್ಟಿಗೆ ತೆರೆದು ನೋಡುವವರು ಯಾರು ಎಂದು ಹೆಸರು ಹಿಡಿದು ನಿಗದಿ ಮಾಡಿದ ಮೇಲೆಯೇ ಕೋಡ್ ಅಂಟಿಸಬೇಕು. ತಿಂಗಳು ಕಳೆದರೂ ಉತ್ತರ ಕಾಣದ ಗಿರಾಕಿ 1915ಕ್ಕೆ ಕರೆ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆ ಮಾಡುವಾಗ ಕಳಿಸಿದ ಮೇಲ್ ತೆರೆದಿಟ್ಟುಕೊಂಡಿರಿ.

ಅಂಗಡಿಯವರಲ್ಲಿ ಕಡೆಯದಾಗಿ ಒಂದು ಕೋರಿಕೆ. ಸಾವಿರ ಸ್ಟಿಕ್ಕರ್ ಅಚ್ಚಿಗೆ ಕೊಡುವ ಮುನ್ನ ಒಂದನ್ನು ಸಾದಾ ಕಾಗದದಲ್ಲಿ ತೆಗೆಸಿ, ಅಂಟಿಸಬೇಕಾದ ಜಾಗದಲ್ಲೇ ಇಟ್ಟು, ಸಂಜೆಯ ಬೆಳಕಿನಲ್ಲಿ ಎರಡು ಮೂರು ಬಗೆಯ ಹಳೆಯ ಫೋನುಗಳಿಂದ ನೋಡಿ. ಮೇಲ್ ಕಳಿಸಿ, ಬಂತೇ ಎಂದು ಪರೀಕ್ಷಿಸಿ. ಬಂದದ್ದಕ್ಕೆ ಉತ್ತರವನ್ನೂ ಬರೆದು ನೋಡಿ.